ಹುಣ್ಣಿಮೆಗೆ ಕೆಡುವ ಸರ್ವರ್

ಇಂಥ ಪ್ರಸಂಗಗಳು ನನ್ನ ಪಾಲಿಗೆ ಮಾತ್ರ ಬರುತ್ತವೆಯೋ, ಈ ಕೆಲಸ ಮಾಡುವ ಎಲ್ಲರ ಪಾಲಿಗೂ ಬರುತ್ತವೆಯೋ ತಿಳಿಯದು. ಬೈಲಹೊಂಗಲದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಫೀಸು, ಕಾಲೇಜು, ದವಾಖಾನೆಗಳಿಗೆ ಹೋಗಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಬರುತ್ತೇನೆ. ಜೋಡಿಸಿದ್ದು ಕೈಕೊಟ್ಟಾಗ ಮತ್ತೆ ಹೋಗುತ್ತೇನೆ. ಚೀಲದಲ್ಲಿ ಯಾವಾಗಲೂ ಒಂದು ಪುಸ್ತಕ ಇರುತ್ತದೆ, ಬಸ್ಸಿನಲ್ಲಿ ಓದುತ್ತೇನೆ. ಮಾತು ಕಡಿಮೆ. ನಗಿಸುವ ಸ್ವಭಾವವಂತೂ ನನ್ನದಲ್ಲ. ಆದರೂ ಸವದತ್ತಿಯ ಆ ಒಂದು ಪರೀಕ್ಷೆಯ ಹಿಂದೆ ಮುಂದೆ ನಡೆದದ್ದನ್ನು ಬರೆದಿಡಬೇಕು ಅನ್ನಿಸಿದೆ.

ಓದುವವರಿಗೆ ಒಂದೇ ಸಂಗತಿ ಗೊತ್ತಿದ್ದರೆ ಸಾಕು. ಕಂಪ್ಯೂಟರು ಚಾಲೂ ಆದ ಕೂಡಲೇ, “ನನ್ನ ನಂಬರ್ ಯಾವುದು?” ಎಂದು ಕೇಳುತ್ತದೆ. ಸರ್ವರ್ ಎಂಬ ಇನ್ನೊಂದು ಯಂತ್ರ ತನ್ನಲ್ಲಿರುವ ನಂಬರುಗಳಲ್ಲಿ ಖಾಲಿ ಇದ್ದ ಒಂದನ್ನು ಅದಕ್ಕೆ ಕೊಡುತ್ತದೆ. ಅದೇ ಐಪಿ ವಿಳಾಸ. ವಿಳಾಸ ಸಿಕ್ಕರೆ ಕೆಲಸ ಶುರು. ಸಿಗದಿದ್ದರೆ ಕಂಪ್ಯೂಟರು ಇದ್ದೂ ಇಲ್ಲದ ಹಾಗೆ.

ಫೋಟೋ

ಸವದತ್ತಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಲವತ್ತು ಕಂಪ್ಯೂಟರಿನ ಲ್ಯಾಬ್ ಇದೆ. ನರ್ಸಿಂಗ್ ಕೋರ್ಸಿನ ಪ್ರವೇಶ ಪರೀಕ್ಷೆಯನ್ನು ಅಲ್ಲಿಯೇ ನಡೆಸುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಎರಡು ಸಲ ತಾಲೀಮು ಪರೀಕ್ಷೆ ಇಟ್ಟರು. ಎರಡೂ ಸಲ ಅರ್ಧಕ್ಕರ್ಧ ಕಂಪ್ಯೂಟರುಗಳಿಗೆ ವಿಳಾಸ ಸಿಗಲಿಲ್ಲ. ಪರೀಕ್ಷೆ ನಡೆಸುವವರು ಪತ್ರ ಬರೆದರು: ಪರೀಕ್ಷೆಯ ದಿನವೂ ಹೀಗಾದರೆ ಕೇಂದ್ರ ಬೆಳಗಾವಿಗೆ ಹೋಗುತ್ತದೆ, ಮರುಪರೀಕ್ಷೆಯೂ ಅಲ್ಲಿಯೇ.

ಎರಡನೆಯ ಸಲ ಕೆಟ್ಟ ಹನ್ನೆರಡು ದಿನಗಳ ಮೇಲೆ ನಾನು ಹೋದೆ. ಪ್ರಿನ್ಸಿಪಾಲರ ಮುಂದೆ ಸಿರಸಂಗಿಯ ರೈತರೊಬ್ಬರು ಕೂತಿದ್ದರು. ಅವರ ಮಗಳು ಪರೀಕ್ಷೆಗೆ ಕಟ್ಟಿದ್ದಳು.

“ಸವದತ್ತಿ ಆದ್ರ ಮುಂಜಾನೆ ಕರಕೊಂಡ ಬಂದು ಸಂಜಿಗೆ ಮನಿ ಮುಟ್ಟತೇನ್ರಿ. ಬೆಳಗಾವಿ ಅಂದ್ರ ಅವರಜ್ಜಿ ಒಲ್ಲೆ ಅಂತಾಳ. ಸಾಲಿ ಬಿಡಿಸಿ ಲಗ್ನಾ ಮಾಡೂದಕ್ಕ ಆಕಿಗೆ ಒಂದ ನೆವಾ ಸಾಕು. ಇಲ್ಲೇ ಮಾಡ್ರಿ ಸರ್ರ, ಹೆಂಗರ ಮಾಡಿ,” ಎಂದು ಕೈಮುಗಿದರು.

ಕಾಲೇಜಿನ ಜವಾನ ಅವರಿಗೆ ನೀರು ತಂದುಕೊಟ್ಟ. ವಯಸ್ಸಾದ ಮನುಷ್ಯ, ನಿವೃತ್ತಿಗೆ ಎರಡು ವರ್ಷವಿತ್ತು. ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ರೈತರು ನೀರು ಕುಡಿದು ಮುಗಿಸುವವರೆಗೂ ಲೋಟಕ್ಕಾಗಿ ಕಾಯುತ್ತ ಆ ಮಾತನ್ನೆಲ್ಲ ಕೇಳಿಸಿಕೊಂಡ.

ನಾನು ಲ್ಯಾಬಿಗೆ ಹೋಗಿ ನಲವತ್ತೂ ಕಂಪ್ಯೂಟರು ಹಚ್ಚಿಸಿದೆ. ನಲವತ್ತಕ್ಕೂ ವಿಳಾಸ ಸಿಕ್ಕಿತು. ಆರಿಸಿ ಮತ್ತೆ ಹಚ್ಚಿಸಿದೆ. ಮತ್ತೆ ಸಿಕ್ಕಿತು. ಸಂಜೆಯವರೆಗೆ ಕೂತರೂ ಯಾವ ದೋಷವೂ ಕಾಣಲಿಲ್ಲ.

ಪ್ರಿನ್ಸಿಪಾಲರು ಹೇಳಿದರು, “ಎರಡೂ ಸಲ ಹುಣ್ಣಿಮಿ ಮುಂದನ ಕೆಟ್ಟೈತಿ ನೋಡ್ರಿ. ಈ ಸಲ ಪರೀಕ್ಷಾನೂ ಹುಣ್ಣಿಮಿ ದಿನಾನ ಬಂದೈತಿ.”

ಸಮುದ್ರದ ಉಬ್ಬರ ಹುಣ್ಣಿಮೆಗೆ ಏರುವುದನ್ನು ಓದಿದ್ದೇನೆ, ಸರ್ವರಿಗೆ ಹಾಗೇನೂ ಇಲ್ಲ ಎಂದು ಹೇಳಿದೆ. ನಾನು ನಕ್ಕಿರಬೇಕು. ಅವರು ನಗಲಿಲ್ಲ.

“ನೀವು ಬಂದ್ರ ಸುಮ್ಮಕಾಗತೈತಿ, ನೀವು ಹೋದ್ರ ಕಾಡತೈತಿ. ನಿಮ್ಮದೊಂದ ಫೋಟೋ ಕೊಟ್ಟ ಹೋಗ್ರಿ. ಕಟ್ಟ ಹಾಕಿಸಿ ಸರ್ವರ್ ಮ್ಯಾಲ ಗ್ವಾಡಿಗೆ ತೂಗ ಹಾಕಸ್ತೇನಿ.”

ಬಾಗಿಲಲ್ಲಿ ನಿಂತಿದ್ದ ಕಾಕಾ ಕೇಳಿದ, “ಹಾರ ದಿನಾ ಹಾಕೂದೇನ್ರಿ ಸರ್ರ, ಸೋಮವಾರಕ್ಕೊಮ್ಮೆ ಹಾಕಿದ್ರ ಸಾಕೇನ್ರಿ?”

ಜಳಕ

ಎರಡು ವಾರ ಬಿಟ್ಟು ಕಿತ್ತೂರಿನಿಂದ ಕರೆ ಬಂತು. ಡಾಕ್ಟರೊಬ್ಬರ ದವಾಖಾನೆ. ಮನೆಯ ಮುಂದಿನ ಭಾಗದಲ್ಲಿ ಪೇಷಂಟುಗಳು, ಹಿಂದೆ ಸಂಸಾರ. ಡಾಕ್ಟರು ಮುಂಜಾನೆ ಬೇಗ ಬೆಳಗಾವಿಗೆ ಹೋಗಿದ್ದರು. ಅವರ ಹೆಂಡತಿಯೂ ಡಾಕ್ಟರೇ, ಪೇಷಂಟುಗಳನ್ನು ನೋಡುತ್ತಿದ್ದರು. ಆದರೆ ನಾಲ್ಕು ಕಂಪ್ಯೂಟರುಗಳಲ್ಲಿ ಒಂದಕ್ಕೂ ವಿಳಾಸ ಸಿಕ್ಕಿರಲಿಲ್ಲ.

“ಸರ್ವರ್ ಎಲ್ಲಿದೆ?” ಎಂದು ಕಂಪೌಂಡರನನ್ನು ಕೇಳಿದೆ.

“ದೇವರ ಜಗಲಿ ಮ್ಯಾಲ್ರಿ.”

ಇಲಿಗಳು ವೈರ್ ಕಡಿಯುತ್ತಿದ್ದವಂತೆ. ಇಡೀ ಮನೆಯಲ್ಲಿ ಇಲಿ ಹೋಗದ ಜಾಗ ಅದೊಂದೇ ಎಂದು ಡಾಕ್ಟರು ಅಲ್ಲಿಟ್ಟಿದ್ದರು. ಪೂಜೆಯ ಹೊತ್ತಿಗೆ ಅದರ ದೀಪ ಮಿಣಮಿಣ ಎನ್ನುತ್ತದೆಂದು ಡಾಕ್ಟರ ತಾಯಿ ದಿನಾಲೂ ಬೆಳಗ್ಗೆ ಆರಿಸುತ್ತಿದ್ದರು. ಡಾಕ್ಟರು ಸ್ನಾನ ಮಾಡಿ ಬಂದು ಹಚ್ಚುತ್ತಿದ್ದರು. ಇವತ್ತು ಅವರಿಲ್ಲ, ಪೇಷಂಟುಗಳನ್ನು ಮುಟ್ಟಿದ ಸೊಸೆ ಜಗಲಿ ಮುಟ್ಟುವಂತಿಲ್ಲ. ಕೆಟ್ಟದ್ದೇನೂ ಇರಲಿಲ್ಲ, ಒಂದು ಸ್ವಿಚ್ ಒತ್ತಬೇಕಿತ್ತು ಅಷ್ಟೆ.

“ನೀವ ಒತ್ತಬಹುದಿತ್ತಲ್ರಿ ಅವ್ವಾ,” ಎಂದೆ ಆ ಅಜ್ಜಿಗೆ.

“ಆರಸೂದಷ್ಟ ಗೊತ್ತೈತಿ ನನಗ. ಹಚ್ಚೂದ ಏನರ ಹೆಚ್ಚುಕಮ್ಮಿ ಆದ್ರ? ನೀನ ಹಚ್ಚಪಾ. ಜಳಕಾ ಆಗೇತಿಲ್ಲ?”

“ಬೈಲಹೊಂಗಲದಾಗ ಮುಂಜಾನೆ ಮಾಡೇನ್ರಿ.”

“ಆಮ್ಯಾಲ ಬಸ್ಸಿನ್ಯಾಗ ಬಂದಿ.”

ಹೊರಗೆ ಹದಿನೈದು ಮಂದಿ ಪೇಷಂಟುಗಳು ಕೆಮ್ಮುತ್ತಿದ್ದರು. ಬಚ್ಚಲಿಗೆ ಹೋಗಿ ಎರಡು ತಂಬಿಗೆ ನೀರು ಸುರುವಿಕೊಂಡೆ, ಡಾಕ್ಟರ ಮಡಿಪಂಚೆ ಉಟ್ಟೆ. ಅಜ್ಜಿ ಹಣೆಗೆ ವಿಭೂತಿ ಹಚ್ಚಿದರು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸರ್ವರ್ ಚಾಲೂ ಮಾಡಿದ್ದೇನೆ. ಒದ್ದೆ ತಲೆಯಲ್ಲಿ ಮಾಡಿದ್ದು ಅದೊಂದೇ.

ಸ್ವಿಚ್ ಒತ್ತಿದೆ. ನಾಲ್ಕೂ ಕಂಪ್ಯೂಟರು ಒಂದೇ ಏಟಿಗೆ ವಿಳಾಸ ಪಡೆದವು.

ಬೆನ್ನ ಹಿಂದೆ ಅಜ್ಜಿ ಕಂಪೌಂಡರನಿಗೆ ಹೇಳುತ್ತಿದ್ದರು, “ನೋಡಿದೇನ? ಮೈ ತೊಳಕೊಂಡ ಮುಟ್ಟಿದ್ರ ಹೆಂಗ ನಡೀತೈತಿ. ನೀ ನೆಗಡಿ ನೆಗಡಿ ಅಂತ ಜಳಕಾ ಬಿಟ್ಟ ಎರಡ ದಿನಾ ಆತು.”

ಅವತ್ತು ನನಗೊಂದು ಬುದ್ಧಿ ಬಂತು. ಯಂತ್ರ ಏನು ಮಾಡುತ್ತಿದೆ ಎಂದು ನೋಡುವ ಮೊದಲು ಅದರ ಸುತ್ತ ಇರುವ ಜನ ಏನು ಮಾಡುತ್ತಾರೆ ಎಂದು ಕೇಳಬೇಕು. ಸವದತ್ತಿಯಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

ಅಣ್ಣತಮ್ಮ

ಕೇಳಲು ಹೋಗಬೇಕು ಅನ್ನುವಷ್ಟರಲ್ಲಿ ರಾಮದುರ್ಗದ ಕೆಲಸ ಬಂತು. ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಬೆಳಗ್ಗೆ ರಾಮದುರ್ಗ, ಮಧ್ಯಾಹ್ನ ಸವದತ್ತಿ ಎಂದು ಲೆಕ್ಕ ಹಾಕಿ ಹೊರಟೆ.

ಅದು ಬಟ್ಟೆ ಅಂಗಡಿ. ಒಂದೇ ದೊಡ್ಡ ಅಂಗಡಿ ಇದ್ದದ್ದು ಅಣ್ಣತಮ್ಮಂದಿರು ಬೇರೆಯಾಗಿ ನಡುವೆ ಗೋಡೆ ಎದ್ದಿತ್ತು. ನಾಲ್ಕು ವರ್ಷದಿಂದ ಮಾತಿಲ್ಲ. ಒಬ್ಬರ ಗಿರಾಕಿ ಇನ್ನೊಬ್ಬರ ಮೆಟ್ಟಿಲು ಹತ್ತಿದರೆ ಕಳೆದುಕೊಂಡವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ನನ್ನನ್ನು ಕರೆಸಿದವರು ಅಣ್ಣ. ಅವರ ಕಂಪ್ಯೂಟರುಗಳು ಒಮ್ಮೆ ಒಂದು ವಿಳಾಸ, ಒಮ್ಮೆ ಇನ್ನೊಂದು ವಿಳಾಸ ಹಿಡಿದು ತಬ್ಬಿಬ್ಬಾಗುತ್ತಿದ್ದವು.

ನೆಲದ ಫರಶಿ ಎಬ್ಬಿಸಿ ನೋಡಿದೆ. ಗೋಡೆ ಕಟ್ಟಿದವರು ವೈರನ್ನು ಹಾಗೆಯೇ ಬಿಟ್ಟಿದ್ದರು. ಆಚೆ ಒಂದು ಸರ್ವರ್, ಈಚೆ ಒಂದು ಸರ್ವರ್. ಕೇಳಿದ ಯಂತ್ರಕ್ಕೆ ಯಾರು ಮೊದಲು ಕೊಡುತ್ತಾರೋ ಅವರದೇ ವಿಳಾಸ.

ಅಣ್ಣನಿಗೆ ಹೇಳಿದೆ. ಅವರು ಅಳತೆಕೋಲನ್ನು ಕೆಳಗಿಟ್ಟರು.

“ತಮ್ಮ ಕೊಟ್ಟದ್ದನ್ನ ನಮ್ಮ ಕಂಪ್ಯೂಟರ್ ತಗೊಂಡಾವು?”

“ಎರಡು ತಗೊಂಡಾವ್ರಿ.”

“ಎಷ್ಟ ದಿನದಿಂದ?”

“ಗ್ವಾಡಿ ಕಟ್ಟಿದಾಗಿಂದ ಇರಬೇಕ್ರಿ.”

“ಹೊಳ್ಳಿ ಕೊಟ್ಟಬಿಡ್ರಿ. ಅವನ ಹಂಗ ಬ್ಯಾಡ ನಮಗ.”

ಹಿಂದಕ್ಕೆ ಕೊಡುವಂಥದ್ದಲ್ಲ, ವೈರ್ ಕತ್ತರಿಸಿದರೆ ಮುಗಿಯಿತು ಎಂದೆ. ಕತ್ತರಿ ತೆಗೆದೆ. ಅವರು ಕೈ ಅಡ್ಡ ಹಿಡಿದರು.

“ತಡೀರಿ. ಅವನವು ನಮ್ಮ ಕಡೆ ಬಂದು ತಗೊಂಡಾವೇನು?”

ನೋಡಿ ಹೇಳಿದೆ, “ಮೂರು ಬಂದಾವ್ರಿ.”

ಅವರ ಮುಖ ಅರಳಿತು. “ಇರ್ಲಿ. ಕತ್ತರಿಸೂದಾದ್ರ ಕತ್ತರಿಸ್ರಿ. ಆದ್ರ ಮೊದಲ ಆ ಕಡೆ ಹೋಗಿ ಇದನ್ನ ಅವಗ ಒಂದಿಷ್ಟ ಜೋರಲೆ ಹೇಳಿ ಬರ್ರಿ. ಗಿರಾಕಿ ಇದ್ದಾಗ ಹೇಳ್ರಿ.”

ಟಾವೆಲ್ಲು

ರಾಮದುರ್ಗದಿಂದ ಸವದತ್ತಿಗೆ ಬಸ್ಸು. ನಾಳೆ ಹುಣ್ಣಿಮೆ, ದೇವಿಯ ದರ್ಶನಕ್ಕೆ ಸವದತ್ತಿಯ ಗುಡ್ಡಕ್ಕೆ ಹೋಗುವ ಜನ ಇವತ್ತೇ ಹೊರಟಿದ್ದರು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟಾವೆಲ್ಲು ಒಗೆದು ಸೀಟು ಹಿಡಿಯುತ್ತಾರೆ. ಒಗೆದ ಟಾವೆಲ್ಲನ್ನು ಯಾರೂ ತೆಗೆಯುವುದಿಲ್ಲ. ಕೊರಳಪಟ್ಟಿ ಹಿಡಿದು ಜಗಳಾಡುವವರೂ ಅದನ್ನು ಮುಟ್ಟುವುದಿಲ್ಲ.

ನಾನು ಹತ್ತಿದಾಗ ಒಂದೇ ಸೀಟು ಖಾಲಿ ಇತ್ತು. ಅದರ ಮೇಲೆ ಕೆಂಪು ಅಂಚಿನ ಟಾವೆಲ್ಲು. ಪಕ್ಕದಲ್ಲಿ ನಿಂತ ಮುದುಕಿಗೆ, “ಕುಂಡ್ರವ್ವಾ,” ಎಂದೆ.

“ಯಾರೋ ಹಿಡದಾರಪಾ. ಚಾ ಕುಡ್ಯಾಕ ಹೋಗಿರಬೇಕು, ಬರತಾರ.”

ಬಸ್ಸು ಹೊರಟಿತು. ಯಾರೂ ಬರಲಿಲ್ಲ. ಸಾಲಹಳ್ಳಿಗೆ ಹೋಗುವವರೊಬ್ಬರು ತಪ್ಪು ಬಸ್ಸು ಹತ್ತಿ ಇಳಿದುಹೋದದ್ದನ್ನು ನೋಡಿದೆ ಎಂದು ಹಿಂದಿನಿಂದ ಯಾರೋ ಹೇಳಿದರು. ಟಾವೆಲ್ಲು ಅವರದೇ ಇರಬೇಕು. ಆದರೂ ಯಾರೂ ಕೂರಲಿಲ್ಲ. ಟಾವೆಲ್ಲೊಂದೇ ಕಿಟಕಿಯ ಗಾಳಿ ತಿನ್ನುತ್ತ ಕೂತಿತ್ತು, ಅದರ ಸುತ್ತ ನಾವು ಹನ್ನೆರಡು ಮಂದಿ ನಿಂತಿದ್ದೆವು.

ತೊರಗಲ್ ಹತ್ತಿರ ಬಂದಾಗ ಕಂಡಕ್ಟರ್ ಜನರನ್ನು ಸೀಳಿಕೊಂಡು ಬಂದ. ಸೀಟು ನೋಡಿದ. ನಮ್ಮನ್ನು ನೋಡಿದ. ಕೈಯಲ್ಲಿದ್ದ ಟಿಕೆಟ್ ಯಂತ್ರವನ್ನು ಸಿದ್ಧ ಮಾಡಿಕೊಂಡು ಕೇಳಿದ:

“ಈ ಟಾವೆಲ್ಲ ಎಲ್ಲಿ ಇಳಿಯೂದೈತ್ರಿ?”

ಜನ ನಗುವಾಗ ನಾನು ನಗಲಿಲ್ಲ. ಸವದತ್ತಿಯ ಸರ್ವರ್ ಕಣ್ಣ ಮುಂದೆ ಬಂದಿತ್ತು. ಒಮ್ಮೆ ಕೊಟ್ಟ ವಿಳಾಸವನ್ನು ಅದು ಎಂಟು ದಿನ ಬೇರೆಯವರಿಗೆ ಕೊಡುವುದಿಲ್ಲ, ತೆಗೆದುಕೊಂಡವನು ಎದ್ದುಹೋಗಿದ್ದರೂ. ಯಾರೋ ಬಂದು ಟಾವೆಲ್ಲು ಒಗೆದು ಹೋಗುತ್ತಿದ್ದಾರೆ. ಎಂಟು ದಿನ ಕಳೆದ ಮೇಲೆ ನಾನು ಹೋಗಿದ್ದೆ, ಆಗ ಸೀಟುಗಳೆಲ್ಲ ಖಾಲಿ. ಪುಸ್ತಕ ತೆಗೆಯದೆ ಬಂದ ಪ್ರಯಾಣ ಅದೊಂದೇ.

ಕೇಳಿದವರು

ಲ್ಯಾಬಿಗೆ ಹೋದವನೇ ಸರ್ವರಿನಲ್ಲಿ ವಿಳಾಸ ಪಡೆದವರ ಪಟ್ಟಿ ತೆಗೆದೆ. ಇದ್ದದ್ದು ನೂರು ವಿಳಾಸ. ಎಂಬತ್ತೊಂಬತ್ತು ಹೋಗಿದ್ದವು, ಎಲ್ಲವೂ ಮೊಬೈಲುಗಳಿಗೆ. ಕೆಲವರು ತಮ್ಮ ಫೋನಿಗೆ ಹೆಸರನ್ನೂ ಇಟ್ಟಿದ್ದರು. ಒಂದು ‘ಗೋಕಾಕದ ಹುಲಿ’, ಒಂದು ‘ಮುಟ್ಟಬ್ಯಾಡ’.

ಹೊರಗೆ ಬಂದೆ. ಕಾಲೇಜಿನ ಮುಂದಿನ ಬೇವಿನ ಗಿಡದ ನೆರಳಿನಲ್ಲಿ ಗುಡ್ಡಕ್ಕೆ ಹೋಗುವ ಜನ ಗಂಟು ಇಳಿಸಿ ಕೂತಿದ್ದರು. ಆ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಆದರೂ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ನೀರಿನ ಹರವಿಯ ಮೇಲೆ ಗೋಡೆಗೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ‘ಕುಡಿಯುವ ನೀರು.’ ಅದರ ಕೆಳಗೆ ಅಷ್ಟೇ ದೊಡ್ಡದಾಗಿ ಕಾಲೇಜಿನ ವೈಫೈ ಪಾಸ್‌ವರ್ಡು.

ಪ್ರಿನ್ಸಿಪಾಲರು ಕಾಕಾನನ್ನು ಕರೆದರು. ಗೋಡೆಯತ್ತ ಬೆರಳು ತೋರಿಸಿದರು.

“ಯಾರಿಗೆ ಕೇಳಿ ಬರದ್ಯೋ?”

“ಅವರ ಕೇಳಿದ್ರಿ. ಹತ್ತಿಪ್ಪತ್ತ ಮಂದಿ ಕೇಳಿದ್ರು, ಹೇಳಿ ಹೇಳಿ ಗಂಟಲ ಒಣಗಿತು. ಅದಕ ಬರದ್ನಿ.”

“ಕೇಳಿದ್ರ ಕೊಡೂದ?”

“ನೀರ ಕೇಳಿದ್ರ ಕೊಡತೇವಿ. ಇದನ್ನೂ ಕೇಳಿದ್ರು. ದೇವರಿಗೆ ಹೊಂಟವರು ಬಾಗಲಕ್ಕ ಬಂದು ಕೇಳಿದ್ರ ಇಲ್ಲ ಅನ್ನಾಕ ನಂಗ ಬರೂದಿಲ್ರಿ.”

ಹುಣ್ಣಿಮೆಗೂ ಸರ್ವರಿಗೂ ಸಂಬಂಧವಿತ್ತು. ನಾನು ಪ್ರಿನ್ಸಿಪಾಲರ ಕಡೆ ನೋಡಲಿಲ್ಲ. ಅವರೂ ಏನೂ ಅನ್ನಲಿಲ್ಲ, ಅದು ಅವರ ದೊಡ್ಡತನ.

ಕಾಕಾನಿಗೆ ಬಸ್ಸಿನ ಟಾವೆಲ್ಲಿನ ಕಥೆ ಹೇಳಿ ತಿಳಿಸಿದೆ. ಗುಡ್ಡಕ್ಕೆ ಹೋದವರು ಊರಿಗೆ ಮುಟ್ಟಿದರೂ ಅವರ ಟಾವೆಲ್ಲು ಇಲ್ಲಿ ಸೀಟಿನ ಮೇಲೆ ಇರುತ್ತದೆ, ಹುಡುಗಿಯರು ಬಂದರೆ ಅವರಿಗೆ ಜಾಗ ಇರುವುದಿಲ್ಲ. ಅವನ ಮುಖ ಸಣ್ಣದಾಯಿತು.

“ಆ ಸಿರಸಂಗಿ ರೈತರ ಮಗಳಿಗೆ?”

“ಆಕಿಗೂ ಇಲ್ಲ.”

ವೈಫೈ ಹಿಡಿದ ಮೊಬೈಲಿಗೂ ಲ್ಯಾಬಿನ ಕಂಪ್ಯೂಟರಿಗೂ ವಿಳಾಸ ಕೊಡುವುದು ಒಂದೇ ಸರ್ವರ್, ಲ್ಯಾಬನ್ನು ವೈಫೈಯಿಂದ ಪೂರ್ತಿ ಬೇರೆ ಮಾಡುವುದೇ ಸರಿ. ಅದಕ್ಕೆ ಬೇಕಾದ ಸಾಮಾನು ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ. ಪರೀಕ್ಷೆಯ ಕ್ಯಾಮೆರಾಗಳು ವೈಫೈ ಮೇಲೆಯೇ ನಡೆಯುವುದರಿಂದ ಅದನ್ನು ಬಂದ್ ಮಾಡುವಂತೆಯೂ ಇಲ್ಲ. ಪಟ್ಟಿಯನ್ನು ಅಳಿಸಿ ನೂರೂ ವಿಳಾಸ ಖಾಲಿ ಮಾಡಿದೆ. ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಚೀಟಿಯಲ್ಲಿ ಬರೆದು ಪ್ರಿನ್ಸಿಪಾಲರ ಕೈಗೆ ಮಾತ್ರ ಕೊಟ್ಟೆ. ಅವರು ಅದನ್ನು ಒಳಕಿಸೆಯಲ್ಲಿಟ್ಟು, “ಜೀವಾ ಹೋದ್ರೂ ಯಾರಿಗೂ ಹೇಳಂಗಿಲ್ಲ,” ಎಂದರು.

ನಾನು ಹೊರಡುವಾಗ ಕಾಕಾ ಗೋಡೆಯನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ಹಿಂದೆ ತಿರುಗಿ ಕೇಳಿದ:

“ಸರ್ರ, ಯಾರ ಮೊದಲ ಟಾವೆಲ್ ಒಗಿತಾರ ಅವರಿಗೇ ಸೀಟ ಹಂಗಾರ?”

“ಹೌದು.”

“ಕುಂಡ್ರಾವರ ಪರವಾಗಿ ಬ್ಯಾರೇದವರು ಒಗದ್ರೂ ನಡಿತೈತೇನ್ರಿ?”

“ಬಸ್ಸಿನ್ಯಾಗ ನಡಿಯೂದಿಲ್ಲೇನು?” ಎಂದೆ. ಬೈಲಹೊಂಗಲದ ಬಸ್ಸಿಗೆ ಹೊತ್ತಾಗಿತ್ತು, ಹೆಚ್ಚು ಮಾತಾಡಲಿಲ್ಲ.

ಖಣ

ಹುಣ್ಣಿಮೆಯ ಬೆಳಗ್ಗೆ ಎಂಟಕ್ಕೆ ಸವದತ್ತಿಯಲ್ಲಿ ಇರಬೇಕೆಂದು ಹೊರಟವನು ಮುಟ್ಟಿದ್ದು ಒಂಬತ್ತೂವರೆಗೆ. ಎರಡು ಬಸ್ಸುಗಳ ಕಿಟಕಿ ತುಂಬ ಟಾವೆಲ್ಲು, ಬಾಗಿಲ ತುಂಬ ಜನ. ಮೂರನೆಯದರಲ್ಲಿ ಒಂಟಿಗಾಲಲ್ಲಿ ಬಂದೆ. ಪರೀಕ್ಷೆ ಹತ್ತಕ್ಕಿತ್ತು.

ಬೇವಿನ ಗಿಡದ ಕೆಳಗೆ ನೂರಕ್ಕೂ ಮಿಕ್ಕಿ ಜನ ಕೂತಿದ್ದರು. ನಲವತ್ತು ಹುಡುಗಿಯರ ಜೊತೆ ಅಪ್ಪ, ಅವ್ವ, ಅಜ್ಜ, ಸೋದರಮಾವ ಎಲ್ಲ ಬಂದಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದರು. ಸಿರಸಂಗಿಯ ರೈತರೂ ನೋಡುತ್ತಿದ್ದರು. ನಾನು ಪ್ರಿನ್ಸಿಪಾಲರನ್ನು ಹುಡುಕಿದೆ.

ಪ್ರಿನ್ಸಿಪಾಲರು ಜಗಲಿಯ ಕಂಬದ ಹಿಂದೆ ನಿಂತಿದ್ದರು.

“ಪಾಸ್‌ವರ್ಡ್ ಯಾರು ಕೊಟ್ಟರು?” ಎಂದೆ.

“ನಮ್ಮ ಬೀಗರು ಬಂದಾರ್ರಿ. ಅವರ ತಮ್ಮನ ಮಗಳು ಪರೀಕ್ಷಾಕ್ಕ ಕುಂತಾಳ.” ಒಳಕಿಸೆ ಮುಟ್ಟಿ ನೋಡಿಕೊಂಡರು. “ಬೀಗರು ಕೇಳಿದ್ರು.”

“ಅವರೊಬ್ಬರಿಗೇ ತಾನೇ ಹೇಳಿದ್ದು?”

“ಅವರೂ ಒಬ್ಬರಿಗೇ ಹೇಳ್ಯಾರ. ಬಾಜೂಕ ಕುಂತವರಿಗೆ.”

ಬೇರೆ ಮಾತಾಡಲು ಹೊತ್ತಿರಲಿಲ್ಲ. ಲ್ಯಾಬಿಗೆ ಓಡಿದೆ. ಒಂಬತ್ತೂವರೆಗೆ ಕಂಪ್ಯೂಟರು ಹಚ್ಚಬೇಕೆಂಬುದು ನಿಯಮ. ಇಷ್ಟು ಹೊತ್ತಿಗೆ ನೂರು ವಿಳಾಸಗಳೂ ಗಿಡದ ಕೆಳಗೆ ಹಂಚಿ ಹೋಗಿರುತ್ತವೆ. ಆ ಹುಡುಗಿಯ ಅಜ್ಜಿಗೆ ಬೇಕಾದ ನೆವ ಸಿಕ್ಕಂತಾಯಿತು ಎಂದುಕೊಳ್ಳುತ್ತ ಬಾಗಿಲು ತೆರೆದೆ.

ನಲವತ್ತು ಕಂಪ್ಯೂಟರುಗಳೂ ಆಗಲೇ ಚಾಲೂ ಇದ್ದವು. ಪ್ರತಿಯೊಂದರ ಮೇಲೂ ಒಂದೊಂದು ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಹೊದಿಸಿತ್ತು. ಹಸಿರು, ಕೆಂಪು, ಅರಿಷಿಣ, ಬದನೆಕಾಯಿ ಬಣ್ಣ. ಉಡಿ ತುಂಬಿದಾಗ ಬಂದು ಬಂದು ಹೆಣ್ಣುಮಕ್ಕಳ ಟ್ರಂಕಿನಲ್ಲಿ ಉಳಿಯುವಂಥವು. ನಡುವೆ ಕಾಕಾ ಕೈಕಟ್ಟಿ ನಿಂತಿದ್ದ.

ಮೊದಲ ಕಂಪ್ಯೂಟರಿನ ಖಣ ಸರಿಸಿದೆ. ವಿಳಾಸ ಇತ್ತು. ಎರಡನೆಯದಕ್ಕೂ ಇತ್ತು. ಒಂದೊಂದನ್ನೇ ನೋಡುತ್ತ ಹೋದೆ, ನಲವತ್ತಕ್ಕೂ ಇತ್ತು.

“ಎಷ್ಟಕ್ಕೆ ಹಚ್ಚಿದೆ ಕಾಕಾ?”

“ಆರಕ್ಕ ಬಂದ್ನಿರಿ. ಬೀಗರ ಮೋಟಾರ್ ನಿನ್ನೆ ಸಂಜೀನ ಸರ್ ಮನಿ ಮುಂದ ನಿಂತಿತ್ತು. ಸರ್ ಕಡೆ ಚೀಟಿ ತಡಿಯೂದಿಲ್ಲ ಅಂತ ಅವಾಗ ಗೊತ್ತಾತು.” ಆಮೇಲೆ ತಪ್ಪು ಮಾಡಿದವನ ದನಿಯಲ್ಲಿ ಹೇಳಿದ, “ನಲವತ್ತ ಟಾವೆಲ್ ಎಲ್ಲಿಂದ ತರೂದ್ರಿ? ನಮ್ಮಾಕಿ ಟ್ರಂಕ ತಗದ ಕೊಟ್ಲು. ಹೆಣಮಕ್ಕಳ ಸೀಟಿಗೆ ಹಾಕಿದ್ದನ್ನ ಹೊಳ್ಳಿ ತರಬ್ಯಾಡ, ಹುಡುಗ್ಯಾರಿಗೇ ಕೊಟ್ಟ ಬಾ ಅಂದಾಳ.”

ಪರೀಕ್ಷೆ ನಡೆಸುವವರ ಕಡೆಯಿಂದ ಬಂದಿದ್ದ ವೀಕ್ಷಕರು ಒಳಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

“ಇದೇನು, ಪೂಜೆ ಇದೆಯಾ?”

“ಇಲ್ರೀ,” ಎಂದ ಕಾಕಾ. “ರಿಸರ್ವೇಶನ್.”

ಹತ್ತಕ್ಕೆ ಹುಡುಗಿಯರು ಒಳಗೆ ಬಂದು ಕೂತರು. ನಲವತ್ತು ಪರದೆಗಳಲ್ಲೂ ಪ್ರಶ್ನೆಪತ್ರಿಕೆ ಮೂಡಿತು. ಸಿರಸಂಗಿಯ ಹುಡುಗಿ ಹಸಿರು ಖಣವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಬರೆಯಲು ಶುರು ಮಾಡಿದಳು. ವೀಕ್ಷಕರು ಪುಸ್ತಕದಲ್ಲಿ ‘ತೊಂದರೆ ಇಲ್ಲ’ ಎಂದು ಬರೆದರು. ಪ್ರಿನ್ಸಿಪಾಲರು ಕಂಬದ ಹಿಂದಿನಿಂದ ಹೊರಗೆ ಬಂದರು.

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಎಲ್ಲ ಸರಿಯಾಗಿ ನಡೆದಿದೆಯೋ ಒಮ್ಮೆ ನೋಡಿಬಿಡೋಣ ಎಂದು ನನ್ನ ಲ್ಯಾಪ್‌ಟಾಪ್ ತೆರೆದು ಜೋಡಿಸಿದೆ. ಅದು ವಿಳಾಸ ಕೇಳಿತು. ಕಾಯಿತು. ಮತ್ತೆ ಕೇಳಿತು. ನೂರರಲ್ಲಿ ಒಂದೂ ಉಳಿದಿರಲಿಲ್ಲ.

ಕಾಕಾ ನೀರು ತಂದುಕೊಟ್ಟು, ಬಗ್ಗಿ ಪರದೆ ನೋಡಿದ. ಪರದೆಯ ಮೇಲಿದ್ದದ್ದು ತಿಳಿಯದಿದ್ದರೂ ನನ್ನ ಮುಖ ನೋಡಿ ಅವನಿಗೆ ಅರ್ಥವಾಗಿರಬೇಕು.

“ತಡಾ ಮಾಡಿ ಬಂದ್ರೆಲ್ರಿ ಸರ್ರ,” ಎಂದ. “ಈಗ ನಿಂತ ಹೋಗಬೇಕಾಗತೈತಿ.”